ಬಿದಿರಂಡೆಯ ಸಾಕ್ಷಿಗಳು

ಡ್ರೊಲಿನಾ ಶಾಡಾಪ್ ಗುಡ್ಡ ಹತ್ತುವಾಗ ಮಾತಾಡುವುದಿಲ್ಲ. ಇಳಿಯುವಾಗಲೂ ಇಲ್ಲ. ಮೊಣಕಾಲಿಗೂ ಬಾಯಿಗೂ ಒಟ್ಟಿಗೆ ಹಂಚುವಷ್ಟು ಉಸಿರು ತನ್ನ ಹತ್ತಿರ ಉಳಿದಿಲ್ಲ ಎನ್ನುತ್ತಾಳೆ. ಬೆನ್ನ ಮೇಲೆ ಬಿದಿರಿನ ಹೊರೆ, ಹೊರೆಯ ಭಾರವೆಲ್ಲ ಹಣೆಗೆ ಕಟ್ಟಿದ ಪಟ್ಟಿಯ ಮೇಲೆ. ಆ ಪಟ್ಟಿ ಚಿಕ್ಕಂದಿನಿಂದ ಎಳೆದೂ ಎಳೆದೂ ಅವಳ ನೆತ್ತಿಯ ಮುಂಭಾಗದಲ್ಲಿ ಕೂದಲಿಲ್ಲದ ಒಂದು ನುಣುಪು ಜಾಡು ಬಿದ್ದಿದೆ. ಸಂತೆಯಲ್ಲಿ ಯಾರಾದರೂ ವಯಸ್ಸು ಕೇಳಿದರೆ ತಲೆ ಬಗ್ಗಿಸಿ ಆ ಜಾಡು ತೋರಿಸುತ್ತಾಳೆ. “ಇದ್ರಲ್ಲಿ ನೋಡ್ಕೊಳ್ಳಿ, ನಂಗೆ ನೆನಪಿಲ್ಲ.”

ಉಮ್‌ರಿತಾಂಗಿನಲ್ಲಿ ಅವಳಿಗಿಂತ ಚಿಕ್ಕವರೆಲ್ಲ ಅವಳನ್ನು ಕಾಂಗ್ ಡ್ರೊಲಿನಾ, ಅಂದರೆ ಡ್ರೊಲಿನಕ್ಕ ಎಂದು ಕರೆಯುತ್ತಾರೆ. ಕೆಲಸ ಗೊರಬು ಕಟ್ಟುವುದು. ಮಳೆಯಲ್ಲಿ ಬಗ್ಗಿ ನಾಟಿ ಮಾಡುವವರು ಬೆನ್ನಿಗೆ ಹಾಕಿಕೊಳ್ಳುವ, ಆಮೆಯ ಚಿಪ್ಪಿನಂಥ ಬಿದಿರಿನ ಗೊರಬು. ಎರಡು ಹೆಣಿಗೆಯ ನಡುವೆ ಎಲೆ ಹಾಸಿ ಹೆಣೆಯುತ್ತಾಳೆ. ಈಗ ಎಲ್ಲರೂ ಪ್ಲಾಸ್ಟಿಕ್ ಹೊದೆಯುತ್ತಾರೆ. ಆದರೂ ಗಾಳಿಮಳೆಗೆ ಪ್ಲಾಸ್ಟಿಕ್ ಹಾರಿಹೋದ ಮೇಲೆ ಅವಳ ಮನೆಯ ಬಾಗಿಲಿಗೇ ಬರುತ್ತಾರೆ.

ಖಾಸಿಗಳಾದ ನಮ್ಮಲ್ಲಿ ಆಸ್ತಿ ಹೆಣ್ಣಿಗೆ, ಅದರಲ್ಲೂ ಮನೆಯ ಕಿರಿಮಗಳಿಗೆ. ಇದನ್ನು ಕೇಳಿದ ಹೊರಗಿನವರು ಚಪ್ಪಾಳೆ ತಟ್ಟುತ್ತಾರೆ. ತಟ್ಟುವ ಮೊದಲು ಒಬ್ಬ ಕಿರಿಮಗಳ ಅಂಗೈ ಹಿಡಿದು ನೋಡಲಿ. ಮನೆ ಅವಳದು ಎಂದರೆ ಮನೆಗೆ ಬಂದವರಿಗೆಲ್ಲ ಅನ್ನ ಬೇಯಿಸುವ ಕೆಲಸ ಅವಳದು. ಕಾಯಿಲೆ ಬಿದ್ದ ದೊಡ್ಡಮ್ಮ ಅವಳ ಪಾಲು, ಕುಡಿದು ಬಂದ ಅಣ್ಣ ಅವಳ ಪಾಲು, ಸತ್ತವರ ಕಾರ್ಯ ಅವಳ ಪಾಲು. ಮಾರುವ ಹಕ್ಕು ಮಾತ್ರ ಅವಳದಲ್ಲ, ಅದಕ್ಕೆ ಕುಲವೆಲ್ಲ ಒಪ್ಪಬೇಕು. ಊರಸಭೆಯಲ್ಲಿ ಎದ್ದು ನಿಂತು ಮಾತಾಡುವ ಹಕ್ಕೂ ಅವಳದಲ್ಲ, ಅದು ಗಂಡಸರದು. ಅವಳ ಪರವಾಗಿ ಸೋದರಮಾವ ಮಾತಾಡಬೇಕು. ಹೊರೆ ಒಬ್ಬರಿಗೆ, ಬಾಯಿ ಇನ್ನೊಬ್ಬರಿಗೆ. ಇಂಥ ಪಾಲು ಮಾಡಿದವರ ಜಾಣತನಕ್ಕೆ ನಾನು ಇವತ್ತಿಗೂ ಕೈಮುಗಿದಿಲ್ಲ.

ಡ್ರೊಲಿನಾ ಕಿರಿಮಗಳು. ತಾಯಿಯಿಂದ ಅವಳಿಗೆ ಬಂದದ್ದು ಕಂಬದ ಮೇಲೆ ನಿಂತ ಒಂದು ಮನೆ ಮತ್ತು ಮನೆಯ ಹಿಂದಿನ ಶಾಡಾಪರ ಗುಡ್ಡ. ಗುಡ್ಡದ ಮೇಲರ್ಧ ಬಿದಿರು, ಕೆಳಗರ್ಧ ಕಾಡು, ಬುಡದಲ್ಲಿ ಒರತೆ. ಕೆಳಗಿನ ಕೇರಿಯ ಮನೆಗಳೆಲ್ಲ ಆ ಒರತೆಯ ನೀರನ್ನೇ ಕುಡಿಯುತ್ತವೆ. ಅದರಲ್ಲಿ ನನ್ನ ಮನೆಯೂ ಒಂದು. ಆದ್ದರಿಂದ ಈ ಸಂಗತಿಯನ್ನು ನಾನು ಈ ಅಂಕಣದಲ್ಲಿ ಪಕ್ಕದಲ್ಲಿ ನಿಂತು ಹೇಳುತ್ತಿಲ್ಲ, ಒಳಗಿದ್ದೇ ಹೇಳುತ್ತಿದ್ದೇನೆ.

ಅವಳಿಗೆ ಮಕ್ಕಳಾಗಲಿಲ್ಲ. ಗಂಡ ಒಂದು ದಿನ ತನ್ನ ತಾಯಿಯ ಮನೆಗೆ ಹೋದವನು ಅಲ್ಲೇ ಉಳಿದ. ಜಗಳವೇನೂ ಆಗಿರಲಿಲ್ಲ. ಕೆಲವು ಗಂಡಸರು ಮಳೆ ನಿಲ್ಲಲಿ ಎಂದು ಜಗಲಿಗೆ ಬಂದವರ ಹಾಗೆ ಸಂಸಾರ ಮಾಡುತ್ತಾರೆ, ಮಳೆ ನಿಂತರೆ ಎದ್ದು ಹೋಗುತ್ತಾರೆ.

ಸೋದರಮಾವ ಫ್ರಾಂಗ್ ಸಿಂಗ್ ಒಳ್ಳೆಯವನು, ಸುಸ್ತಾದವನು. ನಮ್ಮ ಪದ್ಧತಿಯಂತೆ ಇರುವುದು ಹೆಂಡತಿಯ ಮನೆಯಲ್ಲಿ, ಹೊಳೆಯಾಚೆಯ ಊರಲ್ಲಿ. ಯಜಮಾನಿಕೆ ಮಾತ್ರ ತಾನು ಹುಟ್ಟಿದ ಮನೆಯಲ್ಲಿ, ಈಚೆ. ಆ ಮನೆಯಲ್ಲಿ ಅವನು ಮಕ್ಕಳ ಅಪ್ಪ, ಈ ಮನೆಯಲ್ಲಿ ಮಾವ. ಎರಡು ಮನೆಯ ನಡುವೆ ನಡೆದು ನಡೆದು ಅವನ ಚಪ್ಪಲಿ ಒಂದೇ ಬದಿಗೆ ಸವೆದಿರುತ್ತದೆ. ಇಲ್ಲಿಗೆ ಬಂದರೆ ಅವನಿಗೆ ಮಾಡಲು ಕೈಕೆಲಸವೇನೂ ಇರುವುದಿಲ್ಲ. ಹಾಗಾಗಿ ಸುಮ್ಮನೆ ಕೂರಲು ನಾಚಿಕೊಂಡು ಒಲೆ ಸರಿಮಾಡುವುದು, ಸೌದೆ ಒಟ್ಟುವುದು, ಬಿದ್ದ ಸಾಮಾನು ಎತ್ತಿಡುವುದು ಮಾಡುತ್ತಾನೆ.

ಗುಡ್ಡದ ಮೇಲೆ ಕಲ್ಲು ಕ್ರಷರಿನವರ ಕಣ್ಣು ಬಿತ್ತು. ಒಳಗೆ ಒಳ್ಳೆಯ ಕಲ್ಲಿದೆಯಂತೆ. ಹೆದ್ದಾರಿ ಅಗಲವಾಗುತ್ತಿತ್ತು, ಕಲ್ಲಿನ ಪುಡಿ ಎಷ್ಟಿದ್ದರೂ ಸಾಲದು. ಕುಲದ ಒಪ್ಪಿಗೆ ಬೇಕು, ಊರಸಭೆಯ ಒಪ್ಪಿಗೆ ಬೇಕು, ಸರ್ಕಾರಿ ಕಚೇರಿಯ ಒಪ್ಪಿಗೆ ಬೇಕು. ಕುಲದಲ್ಲಿ ಅರ್ಧ ಜನ ಆಗಲೇ ತಲೆ ಆಡಿಸಿದ್ದರು. ಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಹೆಂಗಸರು ಬೇಲಿಯಾಚೆ ಕೆಂಪು ಚಹಾ ಕಾಯಿಸುತ್ತಾ ನಿಂತಿದ್ದರು. ಯಾರ ಗುಡ್ಡವೋ ಅವಳು ಬೇಲಿಯಾಚೆ ಲೋಟ ತೊಳೆಯುತ್ತಿದ್ದಳು.

ಫ್ರಾಂಗ್ ಸಿಂಗ್ ಎದ್ದು ನಿಂತ. “ನಮ್ ಹುಡುಗಿ ಒಲ್ಲೆ ಅಂತಾಳೆ.”

“ಅವಳೇನಂತಾಳೆ ಅಂತ ಯಾರು ಕೇಳಿದ್ರು? ನೀನೇನಂತೀಯ ಹೇಳು,” ಎಂದ ಒಬ್ಬ. “ಮಾತಾಡೋಕ್ ಬಂದಿರೋನು ನೀನೋ, ನಿನ್ ಬಾಯೊಳಗೆ ಅವಳು ಕೂತಿದಾಳೋ?”

ನಗು ಎದ್ದಿತು. ಇನ್ನೊಬ್ಬ ನಗುವಿನ ಮೇಲೆ ಒಂದು ಹೆಜ್ಜೆ ಇಟ್ಟ. “ಹೆಣ್ಣುಮಗು ಒಂದಿಲ್ಲ. ಗುಡ್ಡ ಇಟ್ಕೊಂಡು ಯಾರಿಗೆ ಕೊಡ್ತಾಳಂತೆ? ಗುಬ್ಬಚ್ಚಿಗಾ?”

ಫ್ರಾಂಗ್ ಸಿಂಗ್ ಕೂತ. ಸಭೆ ಒಪ್ಪಿಗೆ ಕೊಟ್ಟು ಮುಂದಿನ ಮಾತಿಗೆ ಹೋಯಿತು. ಮನೆಗೆ ಬರುವ ದಾರಿಯಲ್ಲಿ ಡ್ರೊಲಿನಾ ಕೇಳಿದಳಂತೆ, “ಒಂಚೂರು ಜೋರಾಗಿ ಹೇಳ್ಬಾರ್ದಿತ್ತಾ ಮಾವ?”

“ಜೋರಾಗೇ ಹೇಳ್ದೆ ಕಣೆ. ನನ್ ಗಂಟಲು ಇರೋದೇ ಅಷ್ಟು.”

ಒರತೆಯ ಮಾತು ನಾವು ಎತ್ತದೆ ಇರಲಿಲ್ಲ. ಕಚೇರಿಯವರು ಬಂದಾಗಲೆಲ್ಲ ಎತ್ತಿದೆವು. ಗುಡ್ಡ ಒಡೆದರೆ ಒರತೆ ಹೋಗುತ್ತದೆ ಎಂದೆವು. ‘ಬೇರೆ ನೀರಿನ ವ್ಯವಸ್ಥೆ ಮಾಡಿಕೊಡಲಾಗುವುದು’ ಎಂದರು. ಮಾಡಿಕೊಟ್ಟ ಊರು ಒಂದನ್ನು ತೋರಿಸಿ ಎಂದೆವು. ಜೀಪು ಹತ್ತಿದರು. ಇಷ್ಟು ಮನೆ, ಇಷ್ಟು ಮುದುಕರು, ಇಷ್ಟು ಬಸುರಿಯರು ಈ ನೀರು ಕುಡಿಯುತ್ತಾರೆ ಎಂಬುದು ಯಾವ ಬಾಬುವಿನ ಪೆನ್ನನ್ನೂ ಅಲುಗಿಸಲಿಲ್ಲ. ಏಕೆಂದರೆ ನಾವು ಅಪರೂಪದವರಲ್ಲ. ನಮ್ಮಂಥವರು ಎಲ್ಲ ಗುಡ್ಡದ ಬುಡದಲ್ಲೂ ಇದ್ದಾರೆ. ಅದೇ ನಮ್ಮ ತಪ್ಪು.

ಆ ಚಳಿಗಾಲದಲ್ಲಿ ಗುವಾಹಾಟಿಯ ಕಡೆಯಿಂದ ಒಬ್ಬ ಹುಡುಗಿ ಬಲೆ ಹಿಡಿದು ಬಂದಳು. ಬಾವಲಿಗಳ ಬಗ್ಗೆ ಓದುವವಳು. ಡ್ರೊಲಿನಾಳ ಮನೆಯಲ್ಲೇ ಉಳಿದಳು, ಒಣಮೀನಿನ ಚಟ್ನಿಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಶಾಡಾಪರ ಗುಡ್ಡದ ಬಿದಿರುಮೆಳೆಯಲ್ಲಿ ಅವಳಿಗೆ ಒಂದು ಸಣ್ಣ ಬಾವಲಿ ಸಿಕ್ಕಿತು. ಹೆಬ್ಬೆರಳ ಗಾತ್ರ. ಮೈಮೇಲೆ ಸುಟ್ಟ ಮಣ್ಣಿನ ಬಣ್ಣದ ತುಪ್ಪುಳ. ರೆಕ್ಕೆಯ ಹೆಬ್ಬೆರಳಿನ ಬುಡದಲ್ಲೂ ಅಂಗಾಲಲ್ಲೂ ಪುಟ್ಟ ಮೆತ್ತೆಗಳು. ಹುಳು ಕೊರೆದು ಸೀಳು ಬಿಟ್ಟ ಬಿದಿರಿನೊಳಗೆ, ಎರಡು ಗೆಣ್ಣಿನ ನಡುವಿನ ಪೊಳ್ಳಿನಲ್ಲಿ, ಆ ಮೆತ್ತೆಗಳಿಂದ ನುಣುಪು ಗೋಡೆಗೆ ಅಂಟಿಕೊಂಡು ಇಡೀ ಸಂಸಾರ ಹಗಲೆಲ್ಲ ಮಲಗಿರುತ್ತದೆ. ನಮಗೆ ಅದು ಹೊಸದಲ್ಲ. ನಮ್ಮ ಬಾಯಲ್ಲಿ ಅದಕ್ಕೆ ಬೇರೆ ಹೆಸರೂ ಇಲ್ಲ. ಹಣ್ಣು ಕದಿಯುವುದಿಲ್ಲ, ತಿನ್ನಲು ಅದರಲ್ಲಿ ಮಾಂಸವಿಲ್ಲ, ಹೆಸರಿಟ್ಟು ಏನು ಮಾಡುವುದು?

ಹುಡುಗಿ ಮಾತ್ರ ಕುಣಿದಾಡಿದಳು. ಈ ಜಾತಿಯ ಬಾವಲಿ ಲೋಕದಲ್ಲೇ ಬೆರಳೆಣಿಕೆಯ ಜಾಗಗಳಲ್ಲಿದೆಯಂತೆ. “ಆಂಟಿ, ಇದು ಇಲ್ಲಿ ಇದೆ ಅಂದ್ರೆ ಅಷ್ಟು ಸುಲಭವಾಗಿ ಗುಡ್ಡ ಮುಟ್ಟೋಕಾಗಲ್ಲ. ನಾನು ಕಚೇರಿಗೆ ಬರೀತೀನಿ.”

ಡ್ರೊಲಿನಾ ಸೀಳುತ್ತಿದ್ದ ಬಿದಿರಿನಿಂದ ತಲೆ ಎತ್ತಲಿಲ್ಲ. “ನಾನಿಲ್ಲಿ ಹುಟ್ಟಿದಾಗಿಂದ ಇದೀನಿ. ನನ್ ವಿಷಯ ಬರದ್ರೆ ಆಗಲ್ವಾ?”

ಹುಡುಗಿ ಅವಳ ಕೈ ಹಿಡಿದುಕೊಂಡಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ ಹಾಗೇ ಬರೆದಳು. ಬರೆದದ್ದು ಕೆಲಸವನ್ನೂ ಮಾಡಿತು, ಕಚೇರಿ ಒಬ್ಬ ಬಾಬುವನ್ನು ನೋಡಿ ಬರಲು ಕಳಿಸಿತು. ಕ್ರಷರಿನ ಕಾಗದ ಅವನು ಬಂದು ಹೋಗುವ ತನಕ ನಿಂತಿತು. ಬಾವಲಿ ಇದ್ದರೆ ಗುಡ್ಡ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಊರಿಗೆ ನಗುವುದಕ್ಕೆ ಒಂದು ಹೊಸ ನೆಪ ಸಿಕ್ಕಿತು. “ಕಾಂಗ್, ನಿಮ್ ಬಿಡಾರದೋರು ಚೆನ್ನಾಗಿದಾರಾ?” “ಕಾಂಗ್, ಈ ಸಲ ಸಭೇಲಿ ನಿಮ್ ಮಾವನ ಬದಲು ಬಾವಲೀನೇ ಕೂರಿಸಿ. ತಲೆಕೆಳಗಾಗಿ ಆದ್ರೂ ಏನಾದ್ರೂ ಹೇಳ್ತದೆ.”

“ಅದಕ್ಕೆ ನಿಮಗಿಂತ ಒಳ್ಳೇ ಬುದ್ಧಿ ಇದೆ, ಹಗಲು ನಿಮ್ ಮುಖ ನೋಡಲ್ಲ,” ಎನ್ನುತ್ತಿದ್ದಳು ಡ್ರೊಲಿನಾ. ಹೆಚ್ಚು ಮಾತಾಡುವ ಶಕ್ತಿ ಇರಲಿಲ್ಲ.

ಬಾಬು ಬುಧವಾರ ಮಧ್ಯಾಹ್ನ ಬರುತ್ತಾನೆ ಎಂದು ಊರ ಹಿರಿಯನಿಗೆ ಫೋನು ಬಂತು. ಜೊತೆಗೆ ಒಂದು ಅಪ್ಪಣೆ: ಸಾಹೇಬರು ಗುಡ್ಡ ಹತ್ತುವುದಿಲ್ಲ, ಪ್ರಾಣಿಯನ್ನು ಜೀವಂತವಾಗಿ ಹಿಡಿದು ಕೆಳಗೆ, ಮನೆಯ ಹತ್ತಿರ ತಂದಿಟ್ಟಿರಬೇಕು. ಕಾಡು ನೋಡಲು ಬರುವವನು ಕಾಡಿಗೆ ಹೋಗುವುದಿಲ್ಲ, ಕಾಡೇ ಅವನ ಜೀಪಿನ ಬಾಗಿಲಿಗೆ ಬರಬೇಕು. ಇಂಥ ಮಾತು ಕೇಳಿ ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ ಯಾರೂ ‘ಯಾಕೆ’ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಡ್ರೊಲಿನಾ ಮಚ್ಚು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಸೀಳು ಬಿಟ್ಟ ಒಂದು ಗಳಕ್ಕೆ ಕಿವಿಯಿಟ್ಟು ನೋಡಿ, ಒಳಗೆ ಮಲಗಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಸೀಳಿಗೆ ಸಡಿಲವಾಗಿ ಎಲೆ ತುರುಕಿ, ಮೇಲಿನ ಗೆಣ್ಣಿಗಿಂತ ಮೇಲೆ ಒಂದು ಏಟು, ಕೆಳಗಿನ ಗೆಣ್ಣಿಗಿಂತ ಕೆಳಗೆ ಒಂದು ಏಟು ಹಾಕಿ ಇಡೀ ಅಂಡೆಯನ್ನೇ ಕಡಿದುಕೊಂಡಳು. ಬಿದಿರಂಡೆಯಲ್ಲಿ ನಾವು ತರದ ವಸ್ತುವಿಲ್ಲ. ನೀರು, ಉಪ್ಪು, ಮೀನು, ಕಳಲೆ, ಅಕ್ಕಿ ಕಳ್ಳು, ಎಲ್ಲ ಅದರಲ್ಲೇ ಬರುತ್ತದೆ. ಬಾವಲಿಯೂ ಹಾಗೇ ಬಂತು. ಅಂಡೆಯನ್ನು ಕಂಕುಳಲ್ಲಿಟ್ಟುಕೊಂಡು, ಕೂಸಿಗೆ ಮುಚ್ಚುವ ಹಾಗೆ ಬಿಸಿಲು ತಾಗದಂತೆ ಸೆರಗು ಮುಚ್ಚಿ ಇಳಿದಳು. ಮನೆಯೊಳಗೆ ನೀರಿನ ಕೊಡಗಳ ಪಕ್ಕದ ತಂಪು ಮೂಲೆಯಲ್ಲಿ ನೆಲದ ಮೇಲಿಟ್ಟು, ಹಿರಿಯನಿಗೆ ಸುದ್ದಿ ಹೇಳಿ ಬರಲು ಕೆಳಗಿನ ಕೇರಿಗೆ ಹೋದಳು.

ಅಷ್ಟರಲ್ಲಿ ಮಾವ ಬಂದ.

ಮನೆಯಲ್ಲಿ ಯಾರೂ ಇಲ್ಲ. ನೆಲ ಒದ್ದೆ. ಮೂಲೆಯಲ್ಲಿ ಎಲೆಯ ಬಿರಡೆ ಹಾಕಿದ ಹಸಿ ಬಿದಿರಂಡೆ. ನಮ್ಮ ಯಾವ ಮನೆಯಲ್ಲಾದರೂ ಹೀಗೆ ಕಂಡರೆ ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹಸಿ ಅಂಡೆ ನೆಲದ ಮೇಲಿದ್ದರೆ ಬೂಷ್ಟು ಹಿಡಿಯುತ್ತದೆ, ಒಳಗಿದ್ದದ್ದು ಹಾಳಾಗುತ್ತದೆ. ಒಲೆಯ ಮೇಲೆ ತೂಗುವ ಹೊಗೆಯಟ್ಟದಲ್ಲಿಟ್ಟರೆ ಬೆಚ್ಚಗೆ, ಭದ್ರ. ಅವನು ಅಂಡೆ ಎತ್ತಿ ಅಟ್ಟದ ಮೇಲಿಟ್ಟ. ಒಲೆ ಆರುತ್ತಿತ್ತು. ಸೋದರಸೊಸೆ ದಣಿದು ಬರುತ್ತಾಳೆ, ಅವಳಿಗೆ ಚಹಾ ಆಗಲಿ ಎಂದು ಎರಡು ಹಸಿ ಸೌದೆ ತಳ್ಳಿ ಊದಿದ. ಹಸಿ ಸೌದೆ ಉರಿಯುವುದು ಕಡಿಮೆ, ಹೊಗೆ ಜಾಸ್ತಿ.

ಡ್ರೊಲಿನಾ ಒಳಗೆ ಕಾಲಿಟ್ಟಾಗ ನಾನೂ ಹಿರಿಯನೂ ಹಿಂದೆ ಇದ್ದೆವು. ಅವಳ ಕಣ್ಣು ಮೂಲೆಗೆ ಹೋಯಿತು, ಅಲ್ಲಿಂದ ನೇರ ಅಟ್ಟಕ್ಕೆ ಹೋಯಿತು. ಕೈ ಚಾಚಿ ಅಂಡೆ ಇಳಿಸಿದಳು. ಬೆಚ್ಚಗಿತ್ತು. ಎಲೆ ಕಿತ್ತು, ಮಚ್ಚಿನ ತುದಿಯಿಂದ ಸೀಳು ಅಗಲಿಸಿ ಅಂಗೈಗೆ ಬಗ್ಗಿಸಿದಳು. ಒಂದೊಂದಾಗಿ ಬಿದ್ದವು, ಒಣಗಿದ ಎಲೆಯಷ್ಟು ಹಗುರ. ಕೊನೆಯದು ಬೀಳಲಿಲ್ಲ. ಸತ್ತ ಮೇಲೂ ಅದರ ಮೆತ್ತೆ ಬಿದಿರು ಬಿಟ್ಟಿರಲಿಲ್ಲ. ಬೆರಳು ಹಾಕಿ ಬಿಡಿಸಬೇಕಾಯಿತು.

“ಏನೇ ಅದು?” ಎಂದ ಫ್ರಾಂಗ್ ಸಿಂಗ್. ಹತ್ತಿರ ಬಂದು ನೋಡಿದ. ಅವನ ಮುಖ ನೋಡಲಾಗಲಿಲ್ಲ. “ನಾನು... ಕಳಲೆ ಅಂದ್ಕೊಂಡೆ ಕಣೆ. ಒದ್ದೆ ನೆಲದ್ಮೇಲಿತ್ತು.”

“ಒಳಗೆ ಸದ್ದು ಕೇಳ್ಲಿಲ್ವಾ ಮಾವ?”

“ನನ್ ಹೆಂಡ್ತಿ ಕಿರುಚೋದೇ ನಂಗೆ ಕೇಳಲ್ಲ.”

ಡ್ರೊಲಿನಾ ಬಾಳೆಎಲೆಯ ಚೂರಿನ ಮೇಲೆ ಅವುಗಳನ್ನು ಸಾಲಾಗಿ ಮಲಗಿಸಿದಳು. ಆಮೇಲೆ ಚಹಾ ಬಗ್ಗಿಸಿ ಮಾವನಿಗೆ ಕೊಟ್ಟಳು. “ಕುಡಿ. ನೀನೇ ಕಾಸಿದ್ದಲ್ವಾ.” ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹಿರಿಯ ನನ್ನ ಕಿವಿಯಲ್ಲಿ, “ಎಸೆದುಬಿಡೋಣ, ಸಿಗಲಿಲ್ಲ ಅಂದ್ಬಿಡೋಣ,” ಎಂದ. ಅಷ್ಟರಲ್ಲಿ ಜೀಪಿನ ಸದ್ದಾಯಿತು.

ಜೀಪಿನಿಂದ ಬಾಬು ಇಳಿದ. ಗುಡ್ಡದ ಕೆಳಗಿನ ಬಯಲು ನಾಡಿನ ಯುವಕ, ಪಾಲಿಶ್ ಮಾಡಿದ ಬೂಟು. ಅವನ ಹಿಂದೆ ಅದೇ ಜೀಪಿನಿಂದ ಕ್ರಷರಿನ ಏಜೆಂಟನೂ ಇಳಿದ. ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗುಡ್ಡ ಒಡೆಯಬೇಕೋ ಬೇಡವೋ ಎಂದು ನೋಡಲು ಬಂದವನು, ಗುಡ್ಡ ಒಡೆಯುವವನ ಪಕ್ಕದ ಸೀಟಿನಲ್ಲಿ ಕೂತು ಬಂದ. ಕೇಳಿದರೆ ‘ಒಂದೇ ದಾರಿ ಅಲ್ವಾ, ಡೀಸೆಲ್ ಯಾಕೆ ಹಾಳು’ ಎಂದ. ನಾಚಿಕೆ ಎಂಬುದು ಡೀಸೆಲ್‌ಗಿಂತ ದುಬಾರಿಯಾದ ಕಾಲ ಇದು.

ಡ್ರೊಲಿನಾ ಬಾಳೆಎಲೆ ಮುಂದಿಟ್ಟಳು. “ಬೆಳಿಗ್ಗೆ ಬದುಕಿದ್ವು. ನಮ್ ಮನೇಲೇ ಸತ್ವು.”

“ನಾನೇ ಕೊಂದಿದ್ದು ಬಾಬು,” ಎಂದ ಫ್ರಾಂಗ್ ಸಿಂಗ್. “ಹೊಗೆಯಟ್ಟದ ಮೇಲಿಟ್ಟೆ. ಗೊತ್ತಿಲ್ದೆ.”

ಏಜೆಂಟ ಬಗ್ಗಿ ಮೂಸಿದ. “ಹೊಗೆ ಹಾಕಿದ್ದು, ಬಾಳೆಎಲೆಗೆ ಬಡಿಸಿದ್ದು. ಸರ್, ಇವರು ಇದನ್ನ ಉಳಿಸೋರಲ್ಲ, ಊಟ ಮಾಡೋರು!”

“ಇದ್ರಲ್ಲಿ ಏನಿದೆ ಊಟ ಮಾಡೋಕೆ?” ಎಂದಳು ಡ್ರೊಲಿನಾ. “ನಿನ್ ಕಿವೀಲಿ ಇದಕ್ಕಿಂತ ಹೆಚ್ಚು ಮಾಂಸ ಇದೆ.”

ಬಾಬು ಸತ್ತವುಗಳನ್ನು ಕಡ್ಡಿಯಿಂದ ತಿರುಗಿಸಿ ನೋಡಿ ತಲೆಯಾಡಿಸಿದ. ಇವನ್ನು ಎಲ್ಲಿಂದ ತಂದಿರೋ ಯಾರಿಗೆ ಗೊತ್ತು, ಇದೇ ಗುಡ್ಡದಲ್ಲಿ, ಬದುಕಿರುವುದನ್ನು, ತನ್ನ ಕಣ್ಣಲ್ಲಿ ನೋಡಿದರೆ ಮಾತ್ರ ‘ಇದೆ’ ಎಂದು ಬರೆಯಬಹುದು ಎಂದ.

“ಹಾಗಾದ್ರೆ ಹತ್ತಿ,” ಎಂದಳು ಡ್ರೊಲಿನಾ. ಆ ಬೆಳಿಗ್ಗೆ ಒಮ್ಮೆ ಹತ್ತಿ ಇಳಿದಿದ್ದವಳು.

“ಎಷ್ಟು ದೂರ?”

“ಎರಡು ಕ್ವಾಯ್,” ಎಂದ ಫ್ರಾಂಗ್ ಸಿಂಗ್. ನಮ್ಮಲ್ಲಿ ದಾರಿಯನ್ನು ಅಳೆಯುವುದು ಅಡಿಕೆಯಿಂದ, ದಾರಿಯುದ್ದಕ್ಕೂ ಎಷ್ಟು ಸಲ ಎಲೆಯಡಿಕೆ ಅಗಿದು ಮುಗಿಯುತ್ತದೆ ಎಂಬ ಲೆಕ್ಕದಲ್ಲಿ.

“ಕಿಲೋಮೀಟರಲ್ಲಿ ಹೇಳಿ.”

“ಕಿಲೋಮೀಟರ್ ಅಗಿದು ನೋಡಿಲ್ಲ ಬಾಬು.”

ಬಾಬು ಎದ್ದ. ಒಳ್ಳೆಯ ಮನಸ್ಸಿನಿಂದಲೋ, ಹಿಂತಿರುಗಿ ಹೋದರೆ ಇನ್ನೊಮ್ಮೆ ಬರಬೇಕಾಗುತ್ತದೆ ಎಂಬ ಬೇಸರದಿಂದಲೋ ನನಗೆ ಗೊತ್ತಿಲ್ಲ. ಏಜೆಂಟ ಗುಡ್ಡವನ್ನೊಮ್ಮೆ, ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಜೀಪಿನಲ್ಲೇ ಕೂತ. ಹಿರಿಯನೂ ಉಳಿದ. ಡ್ರೊಲಿನಾ ಮುಂದೆ, ಬಾಬು ಅವಳ ಹಿಂದೆ, ಮಾವ, ಕೊನೆಯಲ್ಲಿ ನಾನು.

ಆ ಹತ್ತುವಿಕೆಯನ್ನು ನಾನು ಮರೆಯುವುದಿಲ್ಲ. ಡ್ರೊಲಿನಾ ಪ್ರತಿ ಮೆಟ್ಟಿಗೂ ಬಲಗೈಯಿಂದ ಬಲ ಮೊಣಕಾಲನ್ನು ಒತ್ತಿ ಹಿಡಿದು ಮೈ ಎತ್ತುತ್ತಿದ್ದಳು, ಬೇರೆ ಯಾರದೋ ಕಾಲನ್ನು ತಾನು ಹೊತ್ತು ತಂದ ಹಾಗೆ. ಬಾಬುವಿನ ಬೂಟು ಜಾರುತ್ತಿತ್ತು. ಬಿದ್ದಾಗಲೆಲ್ಲ ಫ್ರಾಂಗ್ ಸಿಂಗ್ ಹಿಂದಿನಿಂದ ಹಿಡಿದು ನಿಲ್ಲಿಸುತ್ತಿದ್ದ. ಮೇಲೆ ಮುಟ್ಟುವಾಗ ಬಿಸಿಲು ಓರೆಯಾಗಿತ್ತು.

ಬೆಳಿಗ್ಗೆ ಅಂಡೆ ಕಡಿದಿದ್ದ ಮೆಳೆಯನ್ನು ಬಿಟ್ಟು ಡ್ರೊಲಿನಾ ಅದರ ಮೇಲಿನ ಮೆಳೆಗೆ ಹೋದಳು. ಗಳದಿಂದ ಗಳಕ್ಕೆ ಕಿವಿಯಿಟ್ಟಳು. ಒಂದರ ಹತ್ತಿರ ನಿಂತು ಬಾಬುವನ್ನು ಕೈಸನ್ನೆಯಲ್ಲಿ ಕರೆದಳು. ಎದೆಯೆತ್ತರದಲ್ಲಿ ಒಂದು ಸೀಳು, ಉಗುರು ಹೋಗುವಷ್ಟು ಅಗಲ. ಬಾಬು ಕಿವಿ ಇಟ್ಟ.

“ಏನೋ ಕೆರೆದ ಹಾಗೆ ಕೇಳ್ತಿದೆ. ಇಲಿ ಇರಬಹುದು, ಜಿರಳೆ ಇರಬಹುದು. ಕಡಿದು ತೋರಿಸಿ.”

ಡ್ರೊಲಿನಾಳ ಕೈ ಮಚ್ಚಿನ ಹಿಡಿಗೆ ಹೋಯಿತು, ಅಲ್ಲೇ ನಿಂತಿತು. ಕಡಿದರೆ ಒಂದೇ ಏಟು. ಬಾವಲಿಗಳು ಹಗಲ ಬೆಳಕಿಗೆ ಸುರಿಯುತ್ತವೆ, ಬಾಬು ನೋಡುತ್ತಾನೆ, ಗುಡ್ಡ ಉಳಿಯುತ್ತದೆ, ಕೆಳಗೆ ಒರತೆ ಉಳಿಯುತ್ತದೆ. ಅಷ್ಟು ಸುಲಭ. ಬೆಳಿಗ್ಗೆ ಒಂದು ಸಂಸಾರ ಹಾಗೇ ಹೋಗಿತ್ತು.

ಅವಳು ಕಡಿಯದ್ದು ನೋಡಿ ಬಾಬು ಮಾವನ ಕಡೆ ತಿರುಗಿದ. ಅವನಿಗೂ ನಮ್ಮ ಪದ್ಧತಿ ಅಷ್ಟುಮಟ್ಟಿಗೆ ಗೊತ್ತಿತ್ತು. “ನೀವಲ್ವಾ ಮನೆಯ ಯಜಮಾನರು? ನೀವು ಹೇಳಿ.”

ಫ್ರಾಂಗ್ ಸಿಂಗ್ ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದೂಡಿದ. ಇಷ್ಟು ವರ್ಷ ಈ ಗುಡ್ಡದ ಬಗ್ಗೆ ಎಲ್ಲ ಕಡೆ ಅವನೇ ಮಾತಾಡಿದ್ದ, ಎಲ್ಲ ಕಡೆ ಸೋತು ಕೂತಿದ್ದ. “ನಾನ್ಯಾಕೆ ಹೇಳ್ಲಿ ಬಾಬು? ಗುಡ್ಡ ಅವಳದು. ಅವಳನ್ನೇ ಕೇಳಿ.”

ನಮ್ಮಲ್ಲಿ ಒಬ್ಬ ಮಾವ ಹೊರಗಿನವರ ಎದುರು ಹೀಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಡ್ರೊಲಿನಾ ಮಚ್ಚಿನಿಂದ ಕೈ ತೆಗೆದಳು.

“ಕಡಿಯಲ್ಲ. ಕತ್ತಲಾಗೋಕ್ ಮುಂಚೆ ಅವೇ ಹೊರಗ್ ಬರ್ತವೆ. ಕೂತ್ಕೊಳ್ಳಿ.”

“ಅಷ್ಟು ಹೊತ್ತು ಕೂರೋಕಾಗಲ್ಲ. ಐದಕ್ಕೆ ನಾನು ವಾಪಸ್ ಹೊರಡಬೇಕು.”

“ಹಂಗಂತ ಅವಕ್ಕೆ ಗೊತ್ತಿಲ್ವಲ್ಲ.”

“ನೀವು ತೋರಿಸದೇ ಇದ್ರೆ ಇಲ್ಲ ಅಂತ ಬರೀಬೇಕಾಗುತ್ತೆ.”

“ಬರ್ಕೊಳ್ಳಿ ಬಾಬು. ಏನಾದ್ರೂ ಬರ್ಕೊಳ್ಳಿ,” ಎಂದಳು ಡ್ರೊಲಿನಾ. ಸಿಟ್ಟಿರಲಿಲ್ಲ ಆ ದನಿಯಲ್ಲಿ. “ನನ್ ಕಾಲು ಈಗ ಇಳಿಯಲ್ಲ. ನಾನ್ ಕೂರ್ತೀನಿ.”

ಕೂತೇಬಿಟ್ಟಳು. ಮೆಳೆಯ ಬುಡದ ಉದುರೆಲೆಯ ಮೇಲೆ, ಬಿದಿರಿಗೆ ಬೆನ್ನು ಕೊಟ್ಟು, ಎರಡೂ ಕಾಲು ಮುಂದಕ್ಕೆ ಚಾಚಿ. ಅದು ಹಟವಲ್ಲ, ಸತ್ಯಾಗ್ರಹವಲ್ಲ. ಪೇಟೆಯ ನನ್ನ ಕೆಲವು ಗೆಳೆಯರು ಆಮೇಲೆ ಈ ಕಥೆ ಕೇಳಿ ಅದಕ್ಕೆ ಏನೇನೋ ದೊಡ್ಡ ಹೆಸರು ಕೊಟ್ಟರು. ಅವಳಿಗೆ ಇಳಿಯಲು ಆಗುತ್ತಿರಲಿಲ್ಲ, ಅಷ್ಟೆ. ಮಾವನೂ ಅವಳ ಪಕ್ಕ ಕೂತ, ಸೊಂಟದ ಚೀಲದಿಂದ ಅಡಿಕೆ ತೆಗೆದು ಹೋಳು ಮಾಡತೊಡಗಿದ. ಬಾಬು ಬಂದ ದಾರಿಯನ್ನು ನೋಡಿದ. ಬಿದಿರಿನಲ್ಲಿ ಎಲ್ಲ ಕಡೆಯೂ ದಾರಿಯಂತೆಯೇ ಕಾಣುತ್ತದೆ. ನನ್ನ ಕಡೆ ನೋಡಿದ.

ನಾನೂ ಕೂತೆ.

ಕೆಳಗೆ ಜೀಪಿನ ಹಾರನ್ ಕೂಗಿತು. ಸ್ವಲ್ಪ ಬಿಟ್ಟು ಮತ್ತೆ ಕೂಗಿತು. ಬಾಬು ಫೋನು ಎತ್ತಿ ಆಕಾಶಕ್ಕೆ ಹಿಡಿದ, ಸಿಗ್ನಲ್ ಇರಲಿಲ್ಲ. ಫ್ರಾಂಗ್ ಸಿಂಗ್ ಸುಣ್ಣ ಹಚ್ಚಿದ ಎಲೆಯ ಮೇಲೆ ಅಡಿಕೆ ಇಟ್ಟು ಚಾಚಿದ. “ತಗೊಳ್ಳಿ ಬಾಬು. ನಮ್ಮಲ್ಲಿ ಇದು ಬೇಡ ಅಂದೋರಿಗೆ ದೇವರ ಮನೇಲೂ ಜಾಗ ಸಿಗಲ್ಲ ಅಂತಾರೆ.” ಬಾಬು ತಗೊಂಡ, ಅಗಿದ, ಹಸಿ ಅಡಿಕೆಯ ಕಾವಿಗೆ ಅವನ ಕಿವಿ ಕೆಂಪಾಯಿತು, ಹಣೆಯಲ್ಲಿ ಬೆವರು ಒಡೆಯಿತು. ಮೊಣಕಾಲ ಮೇಲೆ ಕೈಯೂರಿ ಅವನೂ ಕೂತ. ಆಗ ನೋಡಿದೆ, ಅವನೂ ದಣಿದಿದ್ದ. ಆ ದಿನ ಬೆಳಗಿನಿಂದ ಎಷ್ಟು ಊರು ಸುತ್ತಿದ್ದನೋ. ಆದರೆ ಅವನ ದಣಿವಿಗೆ ಸಂಬಳವಿದೆ ಎಂಬುದನ್ನೂ ನಾನು ಮರೆಯಲಿಲ್ಲ.

ಬಿಸಿಲು ಗುಡ್ಡದಾಚೆ ಜಾರಿತು. ಜೀರುಂಡೆಗಳು ಒಮ್ಮೆಗೇ ಶುರು ಮಾಡಿದವು. ಸೀಳಿನಲ್ಲಿ ಏನೋ ಅಲುಗಿತು. ಮೊದಲು ಒಂದು ಮೂತಿ, ಮೆಣಸಿನ ಕಾಳಿನಂಥ ಕಣ್ಣು. ಮೈ ಅಡ್ಡ ಮಾಡಿಕೊಂಡು, ಹಿಂಡಿಕೊಂಡು, ಹೊರಗೆ ಬಂದು ಒಂದು ಗಳಿಗೆ ಗಳದ ಮೈಗೆ ಅಂಟಿ ನಿಂತಿತು. ಕೈ ಬಿಟ್ಟಿತು. ಬೀಳುತ್ತ ಬೀಳುತ್ತಲೇ ರೆಕ್ಕೆ ಬಿಚ್ಚಿ ಹೋಯಿತು. ಅದರ ಹಿಂದೆ ಇನ್ನೊಂದು. ಬಾಬು ಫೋನು ಹಿಡಿದು ಬಾಯಲ್ಲೇ ಎಣಿಸತೊಡಗಿದ, ನಡುವೆ ಲೆಕ್ಕ ತಪ್ಪಿ ಬಿಟ್ಟುಬಿಟ್ಟ. ಅವನ ಮುಖ ಒಂದು ಕ್ಷಣ ಕಚೇರಿಯವನ ಮುಖವಾಗಿರಲಿಲ್ಲ.

“ಅಮ್ಮಾ, ನೋಡಿ!” ಎಂದ, ಅವಳೇ ಮೊದಲ ಸಲ ನೋಡುತ್ತಿದ್ದಾಳೇನೋ ಎಂಬಂತೆ.

ಡ್ರೊಲಿನಾ ನೋಡಲಿಲ್ಲ. ಬಿದಿರಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ನಿದ್ದೆ ಹೋಗಿದ್ದಳು. ಅವಳ ತಲೆಯ ಮೇಲಿನಿಂದಲೇ ಅವು ಒಂದೊಂದಾಗಿ ಹಾರುತ್ತಿದ್ದವು.

“ಎಬ್ಬಿಸ್ಬೇಡಿ,” ಎಂದ ಫ್ರಾಂಗ್ ಸಿಂಗ್. “ಅವಳು ಹಿಂಗೆ ಕೂತಿದ್ದು ನಾನು ನೋಡೇ ಇಲ್ಲ.”

ಬಾಬು ‘ಇದೆ’ ಎಂದು ಬರೆದ. ಶಾಡಾಪರ ಗುಡ್ಡಕ್ಕೆ ಕ್ರಷರಿನ ಒಪ್ಪಿಗೆ ಸಿಗಲಿಲ್ಲ. ಮೊದಲು ನಕ್ಕವರೆಲ್ಲ ಡ್ರೊಲಿನಾಳ ಮನೆಗೆ ಬಂದು ಚಹಾ ಕುಡಿದು, ತಾವು ಮೊದಲೇ ಹೇಳಿದ್ದೆವು ಎಂದರು. ಚಹಾ ಮಾಡಿದ್ದು, ಲೋಟ ತೊಳೆದದ್ದು ಅವಳೇ. ಕೆಳಗಿನ ಕೇರಿಯಲ್ಲಿ ನಾವು ಈಗಲೂ ಅದೇ ಒರತೆಯ ನೀರು ಕುಡಿಯುತ್ತಿದ್ದೇವೆ.

ನಮ್ಮ ಗುಡ್ಡ ಸಿಗದಿದ್ದರೆ ಕ್ರಷರಿನವರು ಮನೆಗೆ ಹೋಗುತ್ತಾರೆಯೇ? ಹೊಳೆಯಾಚೆ ಮಸ್ಲೈ ಕುಲದವರ ಗುಡ್ಡವಿದೆ. ಅದರ ಬುಡದಲ್ಲೂ ಒರತೆಯಿದೆ, ಒರತೆಯ ಸುತ್ತ ಮನೆಗಳಿವೆ, ಮನೆಗಳಲ್ಲಿ ಮುದುಕರೂ ಬಸುರಿಯರೂ ಇದ್ದಾರೆ. ಫ್ರಾಂಗ್ ಸಿಂಗನ ಹೆಂಡತಿಯ ಮನೆಯೂ ಅಲ್ಲೇ. ಬಾವಲಿ ಇದೆ ಎಂದು ಯಾರೂ ಬರೆದಿಲ್ಲ. ಮನುಷ್ಯರಿದ್ದಾರೆ ಎಂದು ಬರೆದರೆ ಏನೂ ಆಗುವುದಿಲ್ಲ. ನಾನು ಬರೆದು ನೋಡಿದ್ದೇನೆ, ಇದೇ ಅಂಕಣದಲ್ಲಿ, ಗಂಟಲು ಹರಿಯುವ ತನಕ.

ಹೋದ ವಾರ ಆ ಕಡೆಯಿಂದ ಇಬ್ಬರು ಹೆಂಗಸರು ಡ್ರೊಲಿನಾಳ ಬಾಗಿಲಿಗೆ ಬಂದರು. ಇಬ್ಬರೂ ಮಸ್ಲೈ ಕುಲದ ಬೇರೆಬೇರೆ ಮನೆಯ ಕಿರಿಮಗಳಂದಿರು. ಬುಟ್ಟಿಯಲ್ಲಿ ಕಿತ್ತಳೆ ತಂದಿದ್ದರು. ಕಾದ ಹೆಂಚಿನ ಮೇಲಿನ ನೀರಹನಿಯ ಹಾಗೆ ಸುತ್ತಿ ಬಳಸಿ, ಕೊನೆಗೆ ದೊಡ್ಡವಳು ಬಾಯಿಬಿಟ್ಟಳು.

“ಕಾಂಗ್, ಬೇಜಾರು ಮಾಡ್ಕೋಬೇಡಿ. ನಿಮ್ ಬಾವಲಿ ಒಂದು ಜೊತೆ ಕೊಡ್ತೀರಾ? ನಮ್ ಬಿದಿರಲ್ಲಿ ಬಿಟ್ಕೋತೀವಿ. ಚೆನ್ನಾಗ್ ನೋಡ್ಕೋತೀವಿ.”

ಡ್ರೊಲಿನಾ ಗೊರಬಿನ ಹೆಣಿಗೆ ಕೆಳಗಿಟ್ಟಳು. ಅಲ್ಲೇ ಕೂತಿದ್ದ ನಾನು, ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

“ಅವನ್ನ ಎತ್ಕೊಂಡು ಹೋಗೋಕಾಗಲ್ಲ ಕಣ್ರೇ. ಅಂಡೇಲಿಟ್ರೆ ಸಾಯ್ತವೆ. ನಾನು ನೋಡಿದೀನಿ.”

ಇಬ್ಬರೂ ತಲೆ ಬಗ್ಗಿಸಿದರು. ಹೊರಗೆ ಸಣ್ಣಗೆ ಮಳೆ ಹಿಡಿದಿತ್ತು. ಡ್ರೊಲಿನಾ ಒಂದು ಕಿತ್ತಳೆ ಸುಲಿದು ಮೂವರಿಗೂ ಹಂಚಿದಳು. ಆಮೇಲೆ ಗೋಡೆಗೆ ಕೈಯೂರಿ, ಎರಡು ಸಲ ಪ್ರಯತ್ನಿಸಿ ಎದ್ದಳು.

“ನಿಮ್ ಬಿದಿರಲ್ಲಿ ಹುಳ ಕೊರ್ದಿರೋ ಗಳ ಇದಾವಾ?”

“ಇರ್ಬೋದು. ನಾವ್ಯಾರು ನೋಡಿದೀವಿ?”

“ಎಷ್ಟು ಕ್ವಾಯ್ ದೂರ ನಿಮ್ ಗುಡ್ಡ?”

“ಮೂರು. ಹತ್ತೋದೇ ಜಾಸ್ತಿ.”

“ಅದಿಲ್ದೆ ಇರುತ್ತಾ,” ಎಂದಳು ಡ್ರೊಲಿನಾ. ಮೊಳೆಯಿಂದ ತನ್ನದೇ ಒಂದು ಗೊರಬು ತೆಗೆದು ಬೆನ್ನಿಗೆ ಹಾಕಿಕೊಂಡು, ಮಳೆಯಲ್ಲಿ ಅವರ ಹಿಂದೆ ಹೊರಟಳು.